ಸಾವಿನ ಹೊಸ್ತಿಲು ಮುಟ್ಟಿ ಬಂದವರು



ಹತ್ತನೇ ತರಗತಿಯಲ್ಲಿ ರಕ್ತಪರಿಚಲನೆಯ ಪಾಠ ನಡೆದಿತ್ತು. "ಹೃದಯ ನಿಂತರೆ ಮನುಷ್ಯ ಸತ್ತ ಹಾಗೆ" ಅಂತ ನಾನು ಸಲೀಸಾಗಿ ಹೇಳಿಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ನಮ್ಮ ದೊಡ್ಡಪ್ಪಂದು ಹೃದಯ ನಿಂತಿತ್ತಂತ. ಆದ್ರೂ ಬದುಕ್ಯಾರ. ಯಾರೋ ಇಬ್ರು ಬಂದು ಕರ್ಕೊಂಡು ಹೋದ್ರಂತ, ಅಲ್ಲಿ ದೊಡ್ಡ ಪುಸ್ತಕ ನೋಡಿ 'ಇವನಲ್ಲ, ತಿರುಗಿ ಕಳಸ್ರಿ' ಅಂದ್ರಂತ. ಅದು ಖರೇನಾ ಸಾರ್?"

ತರಗತಿಯೆಲ್ಲ ನಕ್ಕಿತು. ಅವಳು ಮಾತ್ರ ನಗಲಿಲ್ಲ.

"ಇನ್ನೊಂದು ಕೇಳಬೇಕು ಸಾರ್. ಸತ್ತು ಬದುಕಿ ಬಂದ್ರ ಖುಷಿ ಇರಬೇಕಲ್ಲ? ದೊಡ್ಡಪ್ಪ ಯಾರ ಜೋಡಿನೂ ಮಾತಾಡಂಗಿಲ್ಲ. ಹೊಲಕ್ಕೂ ಹೋಗಂಗಿಲ್ಲ. ಯಾಕ ಸಾರ್?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಗೊತ್ತಿದ್ದವರನ್ನು ಕೇಳಿದೆ, ಅವಳ ದೊಡ್ಡಪ್ಪನನ್ನೂ ಹೋಗಿ ಮಾತಾಡಿಸಿ ಬಂದೆ. ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಈ ಪಾಠ ಬರೆಯುತ್ತಿದ್ದೇನೆ. ಅವಳು ಕೇಳಿದ್ದು ಎರಡು ಪ್ರಶ್ನೆ. ಎಲ್ಲರೂ ಮಾತಾಡುವುದು ಮೊದಲನೆಯದರ ಬಗ್ಗೆ. ನನಗೆ ಎರಡನೆಯದೇ ದೊಡ್ಡದು ಅನ್ನಿಸಿತು.

ಆ ದಿನ ಆಗಿದ್ದೇನು?

ಆಸ್ಪರಿ ಕಡೆಯ ಹೊಲಗಳು ನಿಮಗೆ ಗೊತ್ತಲ್ಲ. ಹತ್ತಿ, ಶೇಂಗಾ, ಉಳ್ಳಾಗಡ್ಡಿ. ಮಳೆ ನಂಬುವ ಹಾಗಿಲ್ಲ, ಬೋರಿನ ನೀರೇ ಗತಿ. ಮಳೆ ಬಂದು ನೆಲ ಹಸಿಯಾಗಿದ್ದ ದಿನ ದೊಡ್ಡಪ್ಪ ಬರಿಗಾಲಲ್ಲಿ ನಿಂತು ಮೋಟರಿನ ಸ್ಟಾರ್ಟರ್ ಡಬ್ಬಿ ಮುಟ್ಟಿದರು. ಕರೆಂಟ್ ಹೊಡೆದು ಬಿದ್ದರು. ಪಕ್ಕದ ಹೊಲದ ಹುಡುಗ ಓಡಿ ಬಂದವನು ಮೊದಲು ಮೇನ್ ಆಫ್ ಮಾಡಿದ. ನೋಡಿದರೆ ಉಸಿರಿಲ್ಲ. ಎಂದೋ ಒಂದು ತರಬೇತಿಯಲ್ಲಿ ಕಲಿತದ್ದು ನೆನಪಾಗಿ ಎದೆ ಒತ್ತತೊಡಗಿದ. 108 ಗಾಡಿ ಬರುವ ತನಕ ಇನ್ನೊಬ್ಬರ ಜೊತೆ ಸರದಿಯ ಮೇಲೆ ಒತ್ತುತ್ತಲೇ ಇದ್ದ. ಗಾಡಿಯಲ್ಲಿದ್ದ ಯಂತ್ರದಿಂದ ಎದೆಗೆ ಶಾಕ್ ಕೊಟ್ಟ ಮೇಲೆ ನಾಡಿ ತಿರುಗಿ ಬಂತು.

ಶಾಕ್ ಹೊಡೆದವನಿಗೆ ಮತ್ತೆ ಶಾಕ್ ಯಾಕೆ ಅಂತ ಕೇಳುತ್ತೀರಿ. ಹೃದಯ ತನ್ನದೇ ಸಣ್ಣ ವಿದ್ಯುತ್ ಸಂಕೇತದಿಂದ ಲಯವಾಗಿ ಬಡಿಯುತ್ತದೆ. ಹೊರಗಿನ ಕರೆಂಟ್ ಹೊಕ್ಕರೆ ಆ ಲಯ ಕೆಡುತ್ತದೆ. ಆಗ ಹೃದಯ ಬಡಿಯುವ ಬದಲು ಬರೀ ಅದುರುತ್ತದೆ, ರಕ್ತ ಮುಂದೆ ತಳ್ಳುವುದಿಲ್ಲ. ಡಿಫಿಬ್ರಿಲೇಟರ್ ಎಂಬ ಯಂತ್ರ ಅಳತೆಯ ಒಂದು ಶಾಕ್ ಕೊಟ್ಟು ಆ ಅದುರುವಿಕೆಯನ್ನು ನಿಲ್ಲಿಸುತ್ತದೆ. ಹೃದಯ ಮತ್ತೆ ತನ್ನ ಲಯ ಹಿಡಿಯಲು ಅವಕಾಶ ಸಿಗುತ್ತದೆ. ಅಲ್ಲಿಯ ತನಕ ಎದೆ ಒತ್ತಿದ ಕೈಗಳೇ ಹೃದಯದ ಕೆಲಸ ಮಾಡುತ್ತಿದ್ದವು.

ಸಾವು ಒಂದೇ ಗಳಿಗೆಯಲ್ಲಿ ಆಗುವುದಿಲ್ಲ

ದೊಡ್ಡವರ ಮಿದುಳಿನ ತೂಕ ಸುಮಾರು 1.4 ಕಿಲೋ. ಮೈತೂಕದಲ್ಲಿ ಅದು 2% ಮಾತ್ರ. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ಹೃದಯ ನಿಂತ 10ರಿಂದ 20 ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ಏನೂ ಸಹಾಯ ಸಿಗದಿದ್ದರೆ 4ರಿಂದ 6 ನಿಮಿಷದಲ್ಲಿ ಮಿದುಳಿನ ಕೋಶಗಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ.

ಉಸಿರು, ನಾಡಿ ನಿಂತಿರುವ ಈ ಸ್ಥಿತಿಯಿಂದ ಸ್ವಲ್ಪ ಹೊತ್ತಿನ ತನಕ ಮರಳಿ ಬರುವ ದಾರಿ ಇರುತ್ತದೆ. ಹಿಂದೆ ಈ ದಾರಿ ಜನರಿಗೆ ಗೊತ್ತಿರಲಿಲ್ಲ. ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದು ಎಂಬ ವರದಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದ್ದು 1960ರಲ್ಲಿ. ಆಮೇಲೆ ಹೀಗೆ ತಿರುಗಿ ಬರುವವರ ಸಂಖ್ಯೆ ಹೆಚ್ಚಿತು. ಬಂದವರಲ್ಲಿ ಕೆಲವರು ತಾವು ಕಂಡದ್ದನ್ನು ಹೇಳತೊಡಗಿದರು.

ಅವರು ಕಂಡದ್ದೇನು?

ಇಂಥ ಅನುಭವಕ್ಕೆ ಸಾವಿನಂಚಿನ ಅನುಭವ ಎನ್ನೋಣ. ಆಲ್ಬರ್ಟ್ ಹೈಮ್ ಎಂಬ ಸ್ವಿಸ್ ಭೂವಿಜ್ಞಾನಿ ಆಲ್ಪ್ಸ್ ಬೆಟ್ಟದಲ್ಲಿ ಜಾರಿ ಬಿದ್ದು ಬದುಕಿದ. ಹಾಗೆಯೇ ಬಿದ್ದು ಬದುಕಿದ ಬೇರೆಯವರನ್ನೂ ಕೇಳಿ 1892ರಲ್ಲಿ ವರದಿ ಬರೆದ. ಬೀಳುವಾಗ ಭಯವೇ ಆಗಲಿಲ್ಲ, ಕಾಲ ನಿಧಾನವಾದ ಹಾಗಿತ್ತು ಎಂದು ಹಲವರು ಹೇಳಿದ್ದರು. 1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಈ ಬಗ್ಗೆ ಪುಸ್ತಕ ಬರೆದ ಮೇಲೆ ವಿಷಯ ಜಗತ್ತಿಗೆಲ್ಲ ಗೊತ್ತಾಯಿತು. ಕತ್ತಲ ಸುರಂಗ, ಅದರ ಕೊನೆಗೆ ಬೆಳಕು, ತೀರಿಹೋದ ಬಂಧುಗಳು, ಮೇಲಿನಿಂದ ತನ್ನ ದೇಹವನ್ನೇ ನೋಡಿದ ಹಾಗೆ ಅನ್ನಿಸುವುದು, ಆಳವಾದ ಶಾಂತಿ. ಅಲ್ಲಿಯವರು ಹೇಳಿದ್ದು ಹೆಚ್ಚಾಗಿ ಇಂಥವು.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಮನೋವಿಜ್ಞಾನಿ ಸತ್ವಂತ್ ಪಸ್ರಿಚಾ ಅವರು ಇಯಾನ್ ಸ್ಟೀವನ್‌ಸನ್ ಜೊತೆಗೂಡಿ ಉತ್ತರ ಭಾರತದ 16 ಪ್ರಕರಣಗಳನ್ನು 1986ರಲ್ಲಿ ಪ್ರಕಟಿಸಿದರು. ಮುಂದೆ ಕರ್ನಾಟಕದ ಕೆಲವು ಹಳ್ಳಿಗಳಲ್ಲೂ ಅವರು ಸಮೀಕ್ಷೆ ಮಾಡಿದರು. ಅದರ ವರದಿ 1993ರಲ್ಲಿ ಬಂತು. ಅವರು ಭಾರತದಲ್ಲಿ ದಾಖಲಿಸಿದ ಮಾತುಗಳಲ್ಲಿ ಸುರಂಗ, ಬೆಳಕು ಕಡಿಮೆ. ದೂತರು ಬಂದು ಕರೆದೊಯ್ಯುವುದು, ಅಲ್ಲಿ ಒಬ್ಬ ಲೆಕ್ಕದ ಪುಸ್ತಕ ತೆಗೆದು ನೋಡುವುದು, "ತಪ್ಪಾಗಿ ಬೇರೆಯವನನ್ನು ತಂದಿದ್ದೀರಿ" ಎಂದು ತಿರುಗಿ ಕಳಿಸುವುದು ಮತ್ತೆ ಮತ್ತೆ ಬರುತ್ತದೆ.

ನೋಡಿ, ನಮ್ಮ ವಿದ್ಯಾರ್ಥಿನಿಯ ದೊಡ್ಡಪ್ಪ ಹೇಳಿದ್ದೂ ಇದನ್ನೇ! ಅವರು ಆ ವರದಿ ಓದಿದವರಲ್ಲ. ಹಾಗಾದರೆ ಈ ಹೋಲಿಕೆ ಎಲ್ಲಿಂದ ಬಂತು? ಒಂದು ಸರಳ ವಿವರಣೆ ಇದೆ. ಯಮ, ಚಿತ್ರಗುಪ್ತ, ಕೋಣ, ಪಾಶ ನಮಗೆ ಚಿಕ್ಕಂದಿನಿಂದ ಗೊತ್ತು. ಹಿರಿಯರ ಕಥೆಯಲ್ಲಿ, ಬಯಲಾಟದಲ್ಲಿ ನೋಡಿದ್ದೇವೆ. ನಮ್ಮ ಕಡೆಯವರು 'ಯಮಗೋಲ', 'ಯಮಲೀಲ' ಸಿನಿಮಾಗಳನ್ನು ಮರೆತಿಲ್ಲ. 'ಯಮಲೀಲ'ದ ಕಥೆಯೇ ಯಮಲೋಕದ ಪುಸ್ತಕ ಭೂಮಿಗೆ ಬಿದ್ದದ್ದು. ಮಿದುಳು ಗೊಂದಲದ ಹೊತ್ತಿನಲ್ಲಿ ತನಗೆ ಪರಿಚಯ ಇರುವ ಚಿತ್ರಗಳನ್ನೇ ಜೋಡಿಸಿಕೊಳ್ಳುತ್ತದೆ. ಕನಸಿನಲ್ಲಿ ನಮ್ಮೂರೇ ಬರುತ್ತದೆ, ಕಾಣದ ಊರು ಬರುವುದು ಅಪರೂಪ. ಹಾಗೆಯೇ ಇದು.

ವಿಜ್ಞಾನ ಎಲ್ಲಿಯ ತನಕ ಬಂದಿದೆ?

ವಿಜ್ಞಾನಿಗಳು ಇದನ್ನು ನಕ್ಕು ಬಿಟ್ಟಿಲ್ಲ. ಅಳೆಯಲು ನೋಡಿದ್ದಾರೆ. ಬ್ರೂಸ್ ಗ್ರೇಸನ್ ಎಂಬ ಮನೋವೈದ್ಯರು 1983ರಲ್ಲಿ 16 ಪ್ರಶ್ನೆಗಳ ಒಂದು ಅಳತೆಪಟ್ಟಿ ಮಾಡಿದರು. ಒಟ್ಟು 32 ಅಂಕ. 7 ಅಥವಾ ಹೆಚ್ಚು ಬಂದರೆ ಅದನ್ನು ಸಾವಿನಂಚಿನ ಅನುಭವ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ.

ನೆದರ್ಲೆಂಡ್ಸಿನ ಹೃದಯ ವೈದ್ಯ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು 10 ಆಸ್ಪತ್ರೆಗಳಲ್ಲಿ, ಹೃದಯ ನಿಂತು ಬದುಕಿದ 344 ಮಂದಿಯನ್ನು ಕೇಳಿ 2001ರಲ್ಲಿ ಪ್ರಕಟಿಸಿದರು. ಅನುಭವ ಹೇಳಿದವರು 62 ಮಂದಿ. ಲೆಕ್ಕ ಹಾಕಿ, ಸುಮಾರು 18%. ಉಳಿದವರಿಗೆ ಏನೂ ನೆನಪಿಲ್ಲ. ಬರೀ ಆಮ್ಲಜನಕದ ಕೊರತೆಯೇ ಕಾರಣವಾಗಿದ್ದರೆ ಎಲ್ಲರಿಗೂ ಆಗಬೇಕಿತ್ತಲ್ಲ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ.

ಬೇರೆಯವರು ಒಂದೊಂದೇ ತುಂಡನ್ನು ಬಿಡಿಸಲು ನೋಡಿದರು. ಯುದ್ಧವಿಮಾನದ ಪೈಲಟ್‌ಗಳನ್ನು ತರಬೇತಿಗಾಗಿ ವೇಗವಾಗಿ ತಿರುಗುವ ಯಂತ್ರದಲ್ಲಿ ಕೂರಿಸುತ್ತಾರೆ. ತಲೆಗೆ ರಕ್ತ ಕಡಿಮೆಯಾದಾಗ ಅವರ ನೋಟ ಅಂಚುಗಳಿಂದ ಕಪ್ಪಾಗುತ್ತಾ ಬಂದು ಮಧ್ಯದಲ್ಲಿ ಮಾತ್ರ ಉಳಿಯುತ್ತದೆ. ಅದು ಸುರಂಗದ ಹಾಗೆಯೇ ಕಾಣುತ್ತದೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ತಂಡ ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯ ಮಿದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ತಾನು ಮೇಲೆ ತೇಲಿ ಕೆಳಗೆ ಮಲಗಿರುವ ತನ್ನನ್ನೇ ನೋಡುತ್ತಿದ್ದೇನೆ ಎಂದು ಆಕೆ ಹೇಳಿದಳು. 2013ರಲ್ಲಿ ಜಿಮೋ ಬೊರ್ಜಿಗಿನ್ ತಂಡ 9 ಇಲಿಗಳ ಹೃದಯ ನಿಂತ ನಂತರದ 30 ಸೆಕೆಂಡಿನಲ್ಲಿ ಮಿದುಳಿನ ಅಲೆಗಳು ಒಮ್ಮೆಲೇ ಜೋರಾಗುವುದನ್ನು ಕಂಡಿತು. 2023ರಲ್ಲಿ ಇದೇ ತಂಡ ಸಾಯುತ್ತಿದ್ದ 4 ರೋಗಿಗಳ ದಾಖಲೆ ನೋಡಿದಾಗ 2 ಮಂದಿಯಲ್ಲಿ ಅಂಥದೇ ಏರಿಕೆ ಕಂಡಿತು. ಆದರೆ ಅವರು ಬದುಕಿ ಬರಲಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಅವರು ಏನಾದರೂ ಕಂಡರೋ ಇಲ್ಲವೋ ಕೇಳುವ ಹಾಗಿಲ್ಲ.

ಮೇಲಿನಿಂದ ನೋಡುವುದು ನಿಜವೇ ಎಂದು ಪರೀಕ್ಷಿಸಲು ಸ್ಯಾಮ್ ಪಾರ್ನಿಯಾ ತಂಡ ಒಂದು ಜಾಣ ಉಪಾಯ ಮಾಡಿತು. ಆಸ್ಪತ್ರೆಯ ಕೋಣೆಗಳಲ್ಲಿ ಚಾವಣಿಯ ಹತ್ತಿರ ಹಲಗೆ ಹೊಡೆದು, ಮೇಲಿನಿಂದ ಮಾತ್ರ ಕಾಣುವ ಹಾಗೆ ಚಿತ್ರ ಇಟ್ಟರು. 15 ಆಸ್ಪತ್ರೆ, 2060 ಹೃದಯಸ್ತಂಭನ. 2014ರಲ್ಲಿ ಫಲಿತಾಂಶ ಬಂತು. ಆ ಚಿತ್ರವನ್ನು ಕಂಡೆ ಎಂದು ಹೇಳಿದವರು ಒಬ್ಬರೂ ಸಿಗಲಿಲ್ಲ. ಆದರೆ ಬಹುಪಾಲು ಹೃದಯಸ್ತಂಭನ ಆದದ್ದು ಹಲಗೆ ಇಲ್ಲದ ಜಾಗಗಳಲ್ಲಿ. ಆದ್ದರಿಂದ ಈ ಪರೀಕ್ಷೆಯಿಂದ ಹೌದು ಎಂದೂ ಹೇಳಲಾಗದು, ಪೂರ್ತಿ ಇಲ್ಲ ಎಂದೂ ಹೇಳಲಾಗದು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ ಏನು? ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ. ಅವರಿಗೆ ಆ ಅನುಭವ ಆದದ್ದು ಖರೆ. ಅದರಿಂದ ಯಮಲೋಕ ಇದೆ ಎಂದು ಸಾಬೀತಾಗುವುದಿಲ್ಲ, ಏಕೆಂದರೆ ಅದೇ ಸ್ಥಿತಿಯಲ್ಲಿ ಬೇರೆ ದೇಶದವರು ಬೇರೆಯದನ್ನು ಕಂಡಿದ್ದಾರೆ. ಮಿದುಳಿನೊಳಗೆ ಆ ಹೊತ್ತಿನಲ್ಲಿ ನಡೆಯುವುದರಲ್ಲಿ ಕೆಲವು ತುಂಡುಗಳು ಬಿಡಿಸಿವೆ, ಕೆಲವು ಇನ್ನೂ ಗಂಟಾಗಿಯೇ ಇವೆ. "ಅನುಭವ ನಿಜ" ಎನ್ನುವುದು ಒಂದು ಮಾತು, "ಅದರ ಅರ್ಥ ಇದೇ" ಎನ್ನುವುದು ಇನ್ನೊಂದು ಮಾತು. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡುವುದನ್ನೇ ವೈಜ್ಞಾನಿಕ ಮನೋಭಾವ ಎನ್ನುತ್ತೇವೆ.

ಎರಡನೇ ಪ್ರಶ್ನೆ: ಬದುಕಿ ಬಂದವರಿಗೆ ಖುಷಿ ಯಾಕಿಲ್ಲ?

ನಾನು ಮನೆಗೆ ಹೋದಾಗ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು. ಬಹಳ ಹೊತ್ತು ಮಾತಿಲ್ಲ. ಕೊನೆಗೆ ಅವರೇ ಅಂದರು: "ಸಾರ್, ಅಲ್ಲಿ ಅಂಜಿಕೆ ಇರಲಿಲ್ಲ. ಇಲ್ಲಿ ಐತಿ."

ಇಲ್ಲಿ ಏನೇನಿದೆ? ಎದೆ ಒತ್ತುವಾಗ ಪಕ್ಕೆಲುಬು ಮುರಿಯುವುದುಂಟು, ಅವರಿಗೂ ಮುರಿದಿತ್ತು. ಕೆಮ್ಮಿದರೆ ನೋವು. ಬೋರಿಗೆ ಮಾಡಿದ ಸಾಲ ಹಾಗೇ ಇದೆ, ಅದರ ಮೇಲೆ ಆಸ್ಪತ್ರೆಯ ಓಡಾಟದ ಖರ್ಚು. ಹತ್ತಿ ಬಿಡಿಸುವವರಿಲ್ಲ. ಮಗ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಗುಳೆ ಹೋಗಿದ್ದಾನೆ. ಸಾವಿನಿಂದ ಬಂದವನಿಗೆ ಸಾಲಗಾರ ಬಡ್ಡಿ ಬಿಡುವುದಿಲ್ಲ.

ಜನ ಬೇರೆ. ಮೊದಲ ವಾರ ಜಾತ್ರೆಯ ಹಾಗೆ ಬಂದರಂತೆ. "ಯಮ ಹೆಂಗಿದ್ದ?" ಅಂತ ಕೇಳಿ ನಗುವವರು ಕೆಲವರು. ಒಬ್ಬ ಮುದುಕಿ ಕೈ ಹಿಡಿದು, "ಅಲ್ಲಿ ನನ್ನ ಮಗ ಕಂಡನೇನಪ್ಪಾ?" ಎಂದು ಅತ್ತಳಂತೆ. ಅವರೇನು ಹೇಳಬೇಕು? ಆಮೇಲೆ ಅವರು ಹೇಳುವುದನ್ನೇ ಬಿಟ್ಟರು. ಬೀದಿಯ ಹುಡುಗರು ಇಟ್ಟ ಅಡ್ಡಹೆಸರು ಇಲ್ಲಿ ಬರೆಯುವುದಿಲ್ಲ. ಅದು ಯಾರಿಟ್ಟದ್ದು ಎಂದು ನಿಮ್ಮಲ್ಲಿ ಕೆಲವರಿಗೆ ಗೊತ್ತು.

ಇದಕ್ಕೆ ಮೈಯೊಳಗಿನ ಕಾರಣಗಳೂ ಇವೆ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪುಗಳನ್ನು ಕೂಡಿಡುತ್ತದೆ. ಆಮ್ಲಜನಕ ಕಡಿಮೆಯಾದರೆ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಅದೂ ಒಂದು. ಅದಕ್ಕೇ ಹೃದಯ ನಿಂತು ಬದುಕಿದವರಲ್ಲಿ ಹಲವರಿಗೆ ಮರೆವು, ಬೇಗ ದಣಿವು, ನಿದ್ದೆ ಕೆಡುವುದು, ಸಿಟ್ಟು, ಅಂಜಿಕೆ, ಬೇಸರ ತಿಂಗಳುಗಟ್ಟಲೆ ಇರುತ್ತವೆ. ದೊಡ್ಡಪ್ಪ ಹೊಲಕ್ಕೆ ಹೋಗದಿರುವುದು ಸೋಮಾರಿತನವಲ್ಲ. ಸ್ಟಾರ್ಟರ್ ಡಬ್ಬಿ ಕಂಡರೆ ಕೈ ನಡುಗುತ್ತದೆ.

ಸಾವಿನಂಚಿನ ಅನುಭವ ಆದವರಿಗೆ ಇನ್ನೊಂದು ತೊಡಕು. ಅಲ್ಲಿ ಕಂಡ ಶಾಂತಿಗೂ ಇಲ್ಲಿಯ ಗದ್ದಲಕ್ಕೂ ಹೊಂದುವುದಿಲ್ಲ. ಯಾಕಾದರೂ ತಿರುಗಿ ಬಂದೆನೋ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೆ ತಮಗೇ ನಾಚಿಕೆಯಾಗಿ, ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುವವರಿದ್ದಾರೆ. ಆದರೆ ಇದು ಹೀಗೇ ಉಳಿಯುತ್ತದೆ ಎಂದೇನಿಲ್ಲ. ವಾನ್ ಲೊಮೆಲ್ ತಂಡ ಅದೇ ರೋಗಿಗಳನ್ನು 2 ವರ್ಷ, 8 ವರ್ಷ ಆದ ಮೇಲೆ ಮತ್ತೆ ಮಾತಾಡಿಸಿತು. ಅನುಭವ ಆದವರಲ್ಲಿ ಸಾವಿನ ಭಯ ಕಡಿಮೆಯಾಗಿತ್ತು, ಬೇರೆಯವರ ಕಷ್ಟಕ್ಕೆ ಮರುಗುವುದು ಹೆಚ್ಚಾಗಿತ್ತು. ಆ ಬದಲಾವಣೆ ಒಂದು ದಿನದಲ್ಲಿ ಬಂದದ್ದಲ್ಲ, ವರ್ಷಗಳು ಹಿಡಿದವು.

ನಚಿಕೇತ ಕೇಳಿದ ಮೊದಲ ವರ

ಕಠೋಪನಿಷತ್ತಿನ ನಚಿಕೇತನ ಕಥೆ ನಿಮಗೆ ಗೊತ್ತು. ಯಮನ ಮನೆಗೆ ಹೋದ ಹುಡುಗ. ಯಮ ಮೂರು ವರ ಕೊಡುತ್ತೇನೆ ಎಂದ. ಮೂರನೆಯದರಲ್ಲಿ ಸಾವಿನ ರಹಸ್ಯ ಕೇಳಿದ್ದು ಎಲ್ಲರಿಗೂ ನೆನಪಿದೆ. ಮೊದಲನೆಯದು ನೆನಪಿದೆಯಾ? ನಾನು ತಿರುಗಿ ಹೋದಾಗ ನಮ್ಮ ಅಪ್ಪನ ಸಿಟ್ಟು ಇಳಿದಿರಲಿ, ಅವನು ನನ್ನನ್ನು ಗುರುತು ಹಿಡಿದು ಮಾತಾಡಿಸಲಿ ಎಂಬುದು ಅವನ ಮೊದಲ ವರ.

ಕಥೆ ಕಟ್ಟಿದವರು ಎಷ್ಟು ತಿಳಿದವರು ನೋಡಿ. ಸಾವಿನ ಮನೆಯಲ್ಲಿ ನಿಂತ ಹುಡುಗನಿಗೆ ಮೊದಲು ಬೇಕಾದದ್ದು, ಮನೆಯವರು ತನ್ನನ್ನು ಮೊದಲಿನ ಹಾಗೆ ಒಳಗೆ ಕರೆದುಕೊಳ್ಳುವುದು. ಈ ವರ ಕೊಡಲು ಯಮನೇ ಬೇಕಿಲ್ಲ. ನೀವೂ ಕೊಡಬಹುದು, ನಾನೂ ಕೊಡಬಹುದು.

ನಾವು ಮಾಡಬಹುದಾದದ್ದು

1. ಕೇಳಿಸಿಕೊಳ್ಳಿ. ಅವರಾಗಿ ಹೇಳಿದರೆ ನಗದೆ ಕೇಳಿ. "ಅದೆಲ್ಲ ಭ್ರಮೆ" ಎಂದು ಬಾಯಿ ಮುಚ್ಚಿಸಬೇಡಿ, "ದೇವರೇ ಕಳಿಸಿದ" ಎಂದು ಕಾಯಿ ಒಡೆಯಲೂ ಹೋಗಬೇಡಿ. ಹೇಳದಿದ್ದರೆ ಕೆದಕಬೇಡಿ.

2. ಮೊದಲಿನ ಹಾಗೆ ಮಾತಾಡಿಸಿ. "ಊಟ ಆಯ್ತಾ?", "ಶೇಂಗಾ ಹೆಂಗೈತಿ?" ಇಂಥ ಮಾತು ಸಾಕು. ಕೆಲಸವನ್ನು ಸ್ವಲ್ಪ ಸ್ವಲ್ಪವೇ ಒಪ್ಪಿಸಿ.

3. ಮರೆವು, ನಿದ್ದೆಗೇಡು, ಬೇಸರ ಮುಂದುವರಿದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ. ಬದುಕುವುದೇ ಬೇಡ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ, ಕೂಡಲೇ ದೊಡ್ಡವರಿಗೆ ತಿಳಿಸಿ.

4. ಎದೆ ಒತ್ತುವುದನ್ನು, ಅಂದರೆ ಸಿಪಿಆರ್, ಕಲಿಯಿರಿ. ಕರೆಂಟ್ ಹೊಡೆದಿದ್ದರೆ ಮೊದಲು ಮೇನ್ ಆಫ್ ಮಾಡಬೇಕು. ಅದಕ್ಕೂ ಮುಂಚೆ ಬಿದ್ದವರನ್ನು ಮುಟ್ಟಲೇಬಾರದು. ಆಮೇಲೆ ಭುಜ ತಟ್ಟಿ ಕರೆಯಿರಿ. ಓಗೊಡದಿದ್ದರೆ, ಉಸಿರಾಟ ಸರಿಯಾಗಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮಧ್ಯೆ ಅಂಗೈಯ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸಹಾಯ ಬರುವ ತನಕ ನಿಲ್ಲಿಸಬಾರದು, ದಣಿದರೆ ಇನ್ನೊಬ್ಬರು ಒತ್ತಬೇಕು.

ನಮ್ಮ ವಿದ್ಯಾರ್ಥಿನಿ ಈಗ ಸಂಜೆ ಹೊತ್ತು ದೊಡ್ಡಪ್ಪನ ಪಕ್ಕ ಕೂತು ಹೋಂವರ್ಕ್ ಬರೆಯುತ್ತಾಳೆ. ಯಮನ ಮಾತು ತೆಗೆಯುವುದಿಲ್ಲ. ಹೋದ ವಾರ ಅವರು ಅವಳ ಜೊತೆ ಹೊಲದ ಬದುವಿನ ತನಕ ನಡೆದು ಬಂದರಂತೆ. ಸ್ಟಾರ್ಟರ್ ಹತ್ತಿರ ಹೋಗಲಿಲ್ಲ. ಇರಲಿ, ಬದುವಿನ ತನಕ ಬಂದರಲ್ಲ.

ನಾನೂ ನನ್ನ ಮಾತು ತಿದ್ದಿಕೊಂಡೆ. "ಹೃದಯ ನಿಂತರೆ ಮನುಷ್ಯ ಸತ್ತ ಹಾಗೆ" ಎಂದು ಈಗ ಹೇಳುವುದಿಲ್ಲ. "ಹೃದಯ ನಿಂತರೆ ನಮ್ಮ ಕೈಯಲ್ಲಿ ಇನ್ನೂ ಕೆಲವು ನಿಮಿಷ ಇವೆ" ಎಂದು ಹೇಳುತ್ತೇನೆ. ತಿರುಗಿ ಬಂದ ಮೇಲೆ ಅವರಿಗೆ ಬೇಕಾಗುವುದು ತಿಂಗಳುಗಳು. ಅವನ್ನೂ ನಾವೇ ಕೊಡಬೇಕು.

ಮಾಡಿ ನೋಡಿ, ಚರ್ಚಿಸಿ

1. ಗಟ್ಟಿ ದಿಂಬಿನ ಮೇಲೆ ಎದೆ ಒತ್ತುವ ಅಭ್ಯಾಸ ಮಾಡಿ. ಗಡಿಯಾರ ನೋಡಿ 30 ಸೆಕೆಂಡಿಗೆ 50ರಿಂದ 60 ಸಲ ಬರುತ್ತದೆಯೇ ಎಣಿಸಿ. ಚೆನ್ನಾಗಿರುವ ಮನುಷ್ಯರ ಎದೆಯ ಮೇಲೆ ಮಾತ್ರ ಎಂದಿಗೂ ಪ್ರಯೋಗ ಮಾಡಬೇಡಿ.

2. ನಿಮ್ಮ ಹೊಲದ, ಮನೆಯ ಮೇನ್ ಸ್ವಿಚ್ ಎಲ್ಲಿದೆ? ಮೋಟರಿಗೆ ಅರ್ಥಿಂಗ್ ಇದೆಯೇ? ದೊಡ್ಡವರನ್ನು ಕೇಳಿ ಬರೆದುಕೊಳ್ಳಿ. ನೀವೇ ಮುಟ್ಟಬೇಡಿ.

3. 344 ಮಂದಿಯಲ್ಲಿ 62 ಮಂದಿಗೆ ಮಾತ್ರ ಅನುಭವ ಆಯಿತು. ಉಳಿದವರಿಗೆ ಯಾಕೆ ಆಗಲಿಲ್ಲ, ಅಥವಾ ಆಗಿಯೂ ಯಾಕೆ ನೆನಪಿಲ್ಲ? ನಿಮಗೆ ತೋಚಿದ ಎರಡು ಕಾರಣ ಬರೆಯಿರಿ. ಅವು ಸರಿಯೋ ತಪ್ಪೋ ಎಂದು ಹೇಗೆ ಪರೀಕ್ಷಿಸುತ್ತೀರಿ?

4. ನಿಮ್ಮ ಓಣಿಯಲ್ಲಿ ದೊಡ್ಡ ಕಾಯಿಲೆ, ಅಪಘಾತದಿಂದ ಎದ್ದು ಬಂದವರು ಇದ್ದಾರೆಯೇ? ಅವರನ್ನು ಪ್ರಶ್ನೆ ಕೇಳಬೇಡಿ. ಅವರಿಗೆ ಆಗುವ ಒಂದು ಸಣ್ಣ ಸಹಾಯ ಮಾಡಿ ಬನ್ನಿ.